ಒಂದು ಪುಟಕ್ಕೆ ಮೂರು ಮನೆಯ ಒಪ್ಪಿಗೆ

ತಾಲ್ಲೂಕು ಊರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಇದ್ದವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಕೈಯಲ್ಲೊಂದು ಕಾಗದ ಹಿಡಿದು, ಚಪ್ಪಲಿ ಹೊರಗೆ ಬಿಟ್ಟು, "ಮೇಷ್ಟ್ರು ಅದಾರೇನ್ರೀ" ಎನ್ನುತ್ತಾ ಒಳಗೆ ಬರುತ್ತವೆ.

ನಾನು ಓದಿದ್ದು ಬೆಂಗಳೂರು ದಂಡಿನಲ್ಲಿ, ಪಾದ್ರಿಗಳು ನಡೆಸುತ್ತಿದ್ದ ಇಂಗ್ಲಿಷ್ ಶಾಲೆಯಲ್ಲಿ. ಅಲ್ಲಿ ಒಂದು ಅಲ್ಪವಿರಾಮ ಮರೆತರೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಸರ್ಕಾರಿ ಜೂನಿಯರ್ ಕಾಲೇಜಿನ ಕೆಲಸ ಸಿಕ್ಕಿ ಮೊದಲು ಹೊನ್ನಾಳಿಗೆ ಹೋದೆ, ಆಮೇಲೆ ವರ್ಗವಾಗಿ ಚನ್ನಗಿರಿಗೆ ಬಂದೆ. ಎರಡೂ ಕಡೆ ಜನ ತಮ್ಮ ಇಂಗ್ಲಿಷ್ ಕಾಗದಗಳನ್ನು ತಿದ್ದಿಸಿಕೊಳ್ಳಲು ನನ್ನ ಮನೆಗೆ ಬರುತ್ತಿದ್ದರು. ನಾನು ತಿದ್ದಿಕೊಡುತ್ತಿದ್ದೆ, ಆದರೆ ಎರಡು ಕರಾರು ಹಾಕುತ್ತಿದ್ದೆ. ಬರೆದದ್ದು ನಿಜವಾಗಿರಬೇಕು; ಕೇಳಿದಷ್ಟೇ ಇರಬೇಕು. ಈ ಎರಡು ಕರಾರಿನಿಂದಾಗಿ ಬಂದವರಲ್ಲಿ ಅರ್ಧ ಜನ ಕಾಗದ ಮಡಿಸಿಕೊಂಡು ಹಾಗೇ ಹೊರಟುಹೋಗುತ್ತಿದ್ದರು. ನನಗೂ ಅಷ್ಟು ಕೆಲಸ ಕಡಿಮೆಯಾಗುತ್ತಿತ್ತು.

ಹೋಗದೆ ಉಳಿದವಳು ಒಬ್ಬಳಿದ್ದಳು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅವಳ ಒಂದೇ ಒಂದು ಪುಟ ನನ್ನನ್ನು ಊರೂರು ಅಲೆಸಿದ ಕಥೆ ಇದು.

೧. ಹುಟ್ಟಿರುತ್ತಾಳೆಂದು ಅರಿಕೆ

ಅವಳು ನ್ಯಾಮತಿಯ ಹಿಟ್ಟಿನ ಗಿರಣಿಯವರ ಮಗಳು. ಹೊನ್ನಾಳಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಪಿಯುಸಿ ಓದುವಾಗ ನನ್ನ ತರಗತಿಯಲ್ಲಿದ್ದಳು. ಆಮೇಲೆ ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಭೂವಿಜ್ಞಾನದಲ್ಲಿ ಬಿ.ಎಸ್ಸಿ. ಮಾಡಿ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದಳು. ಈಗ ಮಹಾರಾಷ್ಟ್ರದ ಒಂದು ವಿಶ್ವವಿದ್ಯಾಲಯಕ್ಕೆ ಎಂ.ಎಸ್ಸಿ.ಗಾಗಿ ಅರ್ಜಿ ಹಾಕಬೇಕಿತ್ತು. ಅಲ್ಲಿ ಇರುವುದೇ ನಾಲ್ಕಾರು ಸೀಟು. ಅರ್ಜಿಯ ಜೊತೆಗೆ ಒಂದು ಪುಟ ಬೇರೆ ಕೇಳಿದ್ದರು: ನೀವು ಯಾರು, ಈ ವಿಷಯವನ್ನೇ ಏಕೆ ಓದಬೇಕೆಂದಿದ್ದೀರಿ, ನಿಮ್ಮದೇ ಮಾತಿನಲ್ಲಿ ಬರೆಯಿರಿ.

ಚನ್ನಗಿರಿಯ ನನ್ನ ಮನೆಗೆ ಬಂದು ಕೂತವಳನ್ನು ಮೊದಲು ಕೇಳಿದೆ. "ಅಷ್ಟು ದೂರ ಕಳಿಸಲು ಮನೆಯಲ್ಲಿ ಒಪ್ಪಿದ್ದಾರೆಯೇ?"

"ಹೊನ್ನಾಳಿ ಅತ್ತೆ, ನಮ್ಮಪ್ಪ, ಜಗಳೂರು ಮಾವ. ಈ ಮೂರು ಜನ ಹ್ಞೂಂ ಅಂದ್ರೆ ಹೋಗಬೋದು ಸಾರ್. ಆದ್ರೆ ಏನ್ ಬರ್ದು ಕಳಿಸ್ತಿದೀವಿ ಅಂತ ಮೂರೂ ಮನೇಲಿ ಓದಿ ಹೇಳ್ಬೇಕಂತೆ. ಕೇಳಿದ ಮೇಲೆ ಹ್ಞೂಂ ಅನ್ನೋದೋ ಬ್ಯಾಡ ಅನ್ನೋದೋ ಹೇಳ್ತಾರಂತೆ."

"ಓದಿ ಹೇಳುವವರು ಯಾರು?"

ಅವಳು ಚೀಲದಿಂದ ಪುಟ ತೆಗೆದು ನನ್ನ ಮುಂದಿಟ್ಟಳು.

ಪುಟ ಟೈಪಾಗಿತ್ತು. ಅಂಚು ಬಿಟ್ಟು, ಸಾಲು ಬಿಟ್ಟು, ನ್ಯಾಯಾಲಯದ ಕಾಗದದಷ್ಟು ಗಂಭೀರವಾಗಿತ್ತು. ಅದರಲ್ಲಿದ್ದ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ಕೆಳಗೆ ಸಹಿ ಮಾಡಿರುವ ಅರ್ಜಿದಾರಳು ತಮ್ಮ ಸನ್ನಿಧಾನದಲ್ಲಿ ವಿನಯಪೂರ್ವಕ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ಅರ್ಜಿದಾರಳು ನ್ಯಾಮತಿಯಲ್ಲಿ ಹುಟ್ಟಿರುತ್ತಾಳೆ. ಹುಟ್ಟಿದ ಲಾಗಾಯ್ತು ಯಾರ ತಂಟೆ ತಕರಾರಿಲ್ಲದೆ ಅಲ್ಲಿಯೇ ವಾಸವಾಗಿರುತ್ತಾಳೆ." ಆಮೇಲೆ ಅವರ ಮನೆಗೆ ಚೆಕ್ಕುಬಂದಿಯನ್ನೂ ಕೊಟ್ಟಿದ್ದರು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹುಣಸೆಮರ, ಉತ್ತರಕ್ಕೆ ಸ್ವಂತ ಗಿರಣಿ. ಕೊನೆಗೆ, ಅರ್ಜಿದಾರಳ ಮೇಲೆ ಕೃಪೆಯಿಟ್ಟು ಭೂಮಿಯ ವಿಷಯದಲ್ಲಿ ನ್ಯಾಯ ದೊರಕಿಸಿಕೊಡಬೇಕೆಂದು ಪ್ರಾರ್ಥನೆ.

"ಇದನ್ನು ಬರೆದವರು ಯಾರು?"

"ಹೊನ್ನಾಳಿ ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆಯೋರು ಕೂರ್ತಾರಲ್ಲ ಸಾರ್, ಅವರು. ಅವರು ಬರೆದದ್ದು ಯಾವ ಕಚೇರಿಯಿಂದಲೂ ವಾಪಸ್ ಬಂದಿಲ್ಲ ಅಂತ ಅಪ್ಪ ಬರೆಸಿದ್ರು."

"ನಿಮ್ಮದೇ ಮಾತಿನಲ್ಲಿ ಬರೆಯಿರಿ ಅಂತ ಕೇಳಿದ್ದಾರೆ. ಇದರಲ್ಲಿ ನಿನ್ನದು ಎಂಬುದು ಯಾವುದು, ತೋರಿಸು."

ಹುಡುಗಿ ಪ್ರಾಮಾಣಿಕಳು. ಪುಟದ ಮೇಲೆ ಬಗ್ಗಿ, ಮೊದಲ ಸಾಲಿನಿಂದ ಬೆರಳಿಟ್ಟು ಹುಡುಕುತ್ತಾ ಕೆಳಗಿನವರೆಗೂ ಬಂದಳು.

"ಸಹಿ ಸಾರ್."

೨. ನಮ್ಮ ಬಗ್ಗೆ ನಾವೇ

ಹೊಸದಾಗಿ, ಒಬ್ಬಳೇ ಕೂತು, ತನ್ನ ಬಗ್ಗೆ ಬರೆದುಕೊಂಡು ಬಾ ಎಂದು ಕಳಿಸಿದೆ. ಮುಂದಿನ ಭಾನುವಾರ ಬಂದಳು. ಈ ಸಲ ಕೈಬರಹ, ಭಾಷೆಯೂ ತಕ್ಕಮಟ್ಟಿಗಿತ್ತು. ಓದಿದೆ.

"ನನಗೆ ಹಠ ಜಾಸ್ತಿ. ಬೆಳಿಗ್ಗೆ ಎಬ್ಬಿಸಿದರೆ ಏಳುವುದಿಲ್ಲ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕುತ್ತೇನೆ. ನಾನು ತಟ್ಟಿದ ರೊಟ್ಟಿ ದುಂಡಗೆ ಬರುವುದಿಲ್ಲ." ಹೀಗೇ ಒಂದು ಪುಟ.

"ಇದೇನಮ್ಮ?"

"ನನ್ನ ಬಗ್ಗೆ ಸಾರ್. ಎಲ್ಲ ನಿಜ. ಬೇಕಾದ್ರೆ ಮನೇಲಿ ಕೇಳ್ರಿ."

"ಪ್ರಥಮ ದರ್ಜೆಯಲ್ಲಿ ಪಾಸಾದದ್ದು ನಿಜವಲ್ಲವೇ? ಅದೆಲ್ಲಿ?"

"ಅದು ಮಾರ್ಕ್ಸ್ ಕಾರ್ಡಲ್ಲಿ ಐತಲ್ಲ ಸಾರ್. ನಮ್ಮ ಬಗ್ಗೆ ನಾವೇ ಹೇಳ್ಕೊಂಡ್ರೆ ದೃಷ್ಟಿ ಆಗ್ತತೆ. ಒಳ್ಳೇದು ಏನಿದ್ರೂ ಬ್ಯಾರೇರು ಹೇಳ್ಬೇಕು, ಕೆಟ್ಟದ್ದು ನಾವು ಹೇಳ್ಕೊಬೇಕು ಅಂತಾರೆ ಅತ್ತೆ."

ನಮ್ಮ ಶಾಲೆಯ ಪಾದ್ರಿಗಳು ಈ ಅತ್ತೆಯನ್ನು ಕಂಡಿದ್ದರೆ ತುಂಬ ಗೌರವಿಸುತ್ತಿದ್ದರು. ಆದರೆ ವಿಶ್ವವಿದ್ಯಾಲಯಕ್ಕೆ ಇದು ಸಾಲದು. ಪೆನ್ನು ಕೆಳಗಿಟ್ಟು ಕೇಳಿದೆ. "ಇರಲಿ, ಬರೆಯಬೇಡ, ಬಾಯಲ್ಲಿ ಹೇಳು. ಕಲ್ಲು ಮಣ್ಣಿನ ಓದನ್ನೇ ಯಾಕೆ ಹಿಡಿದೆ?"

ಆಗ ಬಂತು ಮಾತು. ಅವಳ ಸೋದರಮಾವ ಜಗಳೂರಿನ ಹತ್ತಿರದವರು. ಕುರಿ ಸಾಕುತ್ತಾರೆ, ಅದರ ಜೊತೆಗೆ ಬಾವಿಗೆ ಜಾಗ ತೋರಿಸುತ್ತಾರೆ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುವುದು. ಕಾಯಿ ತಾನಾಗಿ ಎದ್ದು ನಿಂತ ಕಡೆ ಕೆಳಗೆ ನೀರಿದೆ ಎಂದು ಲೆಕ್ಕ. ಇವಳು ಚಿಕ್ಕವಳಿದ್ದಾಗ ಒಂದು ಬೇಸಿಗೆ ರಜೆಯಲ್ಲಿ ಹಾಗೆ ಮಾವ ತೋರಿಸಿದ ಕಡೆ ಬಾವಿ ತೋಡಿದರು. ನೀರು ಬರಲಿಲ್ಲ, ಬಣ್ಣ ಬಣ್ಣದ ಕಲ್ಲು ಬಂತು. ಜನವೆಲ್ಲ ಬೇಜಾರಾಗಿ ಮನೆಗೆ ಹೋದರು. ಇವಳು ಲಂಗದ ತುಂಬ ಕಲ್ಲು ಕಟ್ಟಿಕೊಂಡು ಹೋದಳು.

"ನೀರ್ ಯಾಕೆ ಬರ್ಲಿಲ್ಲ, ಈ ಕಲ್ಲು ಎಲ್ಲಿಂದ ಬಂತು ಅಂತ ಎಲ್ರನ್ನೂ ಕೇಳಿದೆ ಸಾರ್. ಯಾರೂ ಹೇಳ್ಲಿಲ್ಲ. ಅದನ್ನ ತಿಳ್ಕೊಳಾಕೆ ಓದ್ತಿದೀನಿ."

"ಇದನ್ನೇ ಬರೆ. ಇದೇ ಪುಟ" ಎಂದೆ.

ಅವಳ ಮುಖ ಸಣ್ಣದಾಯಿತು. "ಮಾವ ತೋರಿಸಿದ ಬಾವೀಲಿ ನೀರು ಬರ್ಲಿಲ್ಲ ಅಂತ ಬರ್ದು, ಅದನ್ನ ಮಾವನ ಮುಂದೇನೇ ಓದಾದಾ? ಮಾವ ಬ್ಯಾಡ ಅಂದ್ರೆ ಅಪ್ಪ ಕಳಿಸಲ್ಲ ಸಾರ್."

"ನಿಜ ಮುಚ್ಚಿಟ್ಟು ಸೀಟು ಗಿಟ್ಟಿಸುವುದಕ್ಕಿಂತ, ನಿಜ ಬರೆದು ನ್ಯಾಮತಿಯಲ್ಲಿ ಇದ್ದುಬಿಡುವುದು ಮೇಲು" ಎಂದೆ ನಾನು. ನನ್ನ ನಂಬಿಕೆ ಅವತ್ತೂ ಅದೇ, ಇವತ್ತೂ ಅದೇ.

ಅವಳು ತಲೆ ತಗ್ಗಿಸಿ ಹೇಳಿದಳು. "ನೀವ್ ಹೇಳೋದು ಸರಿ ಸಾರ್. ಆದ್ರೆ ನ್ಯಾಮತೀಲಿ ಇರಬೇಕಾಗಿರೋಳು ನಾನು."

೩. ಹೊನ್ನಾಳಿ: ಹಿಂದುಗಡೆ ಖಾಲಿ

ಕಡೆಗೆ ಅವಳು ಬಾವಿಯ ಕಥೆಯನ್ನೇ ಬರೆದಳು, ಪುಟ ಚನ್ನಗಿರಿಯಲ್ಲೇ ಟೈಪಾಯಿತು. ಮೊದಲ ಮನೆ ಅತ್ತೆಯದು. ಬಸ್ಸಿಳಿದು ನಾವಿಬ್ಬರೂ ಹೋಗುವ ಹೊತ್ತಿಗೆ ಪಡಸಾಲೆಯಲ್ಲಿ ಜಮಖಾನ ಹಾಸಿ, ಅಕ್ಕಪಕ್ಕದ ಮನೆಯವರನ್ನೂ ಕರೆದು ಕೂರಿಸಿದ್ದರು. ನನಗೊಬ್ಬನಿಗೆ ಕುರ್ಚಿ. ಲಗ್ನಪತ್ರಿಕೆ ಓದಲು ಬಂದ ಪುರೋಹಿತನಿಗೆ ಇರಬೇಕಾದ ಮರ್ಯಾದೆಯೆಲ್ಲ ನನಗೆ ನಡೆಯಿತು.

"ಕನ್ನಡದಲ್ಲಿ ಹೇಳಲೇ?" ಎಂದೆ.

"ಮೊದ್ಲು ಇಂಗ್ಲಿಷ್ನಾಗೇ ಓದ್ರಿ ಮೇಷ್ಟ್ರೇ. ಕಿವಿಗೆ ಬೀಳ್ಲಿ" ಎಂದರು ಅತ್ತೆ.

ಓದಿದೆ. ಎಲ್ಲರೂ ತಲೆದೂಗಿದರು. ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಆಮೇಲೆ ಕನ್ನಡದಲ್ಲಿ ಹೇಳಿದೆ. ಅತ್ತೆ, "ಇಷ್ಟೇನಾ? ಇಂಗ್ಲಿಷ್ನಾಗೆ ಚಲೋ ಇತ್ತು" ಎಂದರು. ಆಮೇಲೆ ಸೆರಗು ಸರಿಮಾಡಿಕೊಂಡು ಕೇಳಿದರು. "ಅಲ್ಲಾ ಮೇಷ್ಟ್ರೇ, ಇದ್ರಾಗೆ ನಾನೆಲ್ಲಿ ಅದೀನಿ?"

"ಇದು ಹುಡುಗಿಯ ಬಗ್ಗೆ ಕೇಳಿದ್ದು ತಾಯಿ."

"ಹುಡ್ಗಿ ಏನ್ ಗಾಳಿ ಕುಡುದು ಓದಿದ್ಲಾ? ಬುತ್ತಿ ಕಟ್ಟಿದೋಳು ನಾನು. ಕರೆಂಟ್ ಹೋದಾಗ ಲಾಟೀನು ಕೊಟ್ಟೋರು ಈ ಪಕ್ಕದ ಮನೆಯೋರು. ಇವ್ಳು ಓಡಿ ಬರೋ ತಂಕ ದಾವಣಗೆರೆ ಬಸ್ ನಿಲ್ಸಿದ ಕಂಡಕ್ಟರು ಒಬ್ಬ ಅದಾನೆ, ಅವನೂ ಬರ್ಬೇಕು. ಮದುವೆ ಕಾಗದದಾಗೆ ಬಂಧು ಬಳಗ ಅಂತ ಹಾಕಲ್ವಾ, ಹಂಗೆ ಕೆಳಗೆ ಸಣ್ಣ ಅಕ್ಷರದಾಗೆ ಹಾಕ್ರಿ."

"ಒಂದೇ ಪುಟ ಎಂದು ನಿಯಮವಿದೆ. ಪುಟ ತುಂಬಿದೆ."

ಅತ್ತೆ ಪುಟವನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ತೋರಿಸಿದರು. "ಹಿಂದ್ಗಡೆ ಖಾಲಿ ಐತಲ್ಲ."

"ಹಿಂದೆ ಬರೆಯಬಾರದು ಎಂದಿದ್ದಾರೆ."

"ಯಾಕೆ, ಹಿಂದ್ಗಡೆ ಅವರು ಬರೀತಾರಂತಾ?"

 ನಿಯಮ ಮಾಡಿದವರು ಇದನ್ನು ಯೋಚಿಸಿರಲಾರರು. ಕಡೆಗೆ 'ಹೊನ್ನಾಳಿಯ ನನ್ನ ಅತ್ತೆ ಕಟ್ಟಿಕೊಟ್ಟ ಬುತ್ತಿಯಿಂದ ನಾನು ಓದಿದೆ' ಎಂದು ಒಂದು ಸಾಲು ಸೇರಿಸುವುದೆಂದು ಒಪ್ಪಂದವಾಯಿತು. ಮಾತು ನಿಜವಾಗಿತ್ತು, ಚಿಕ್ಕದಾಗಿತ್ತು. ಅತ್ತೆ ಹ್ಞೂಂ ಅಂದರು. ಕಂಡಕ್ಟರನನ್ನು ಕೈಬಿಟ್ಟೆವು.

ಕಾಫಿ ಕುಡಿದು ಲೋಟ ಕೆಳಗಿಟ್ಟು ನೋಡುತ್ತೇನೆ, ಟೈಪಾದ ಪುಟದ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿಯಾಗಿತ್ತು. ನಡುವೆ ಕುಂಕುಮದ ಬೊಟ್ಟು ಬೇರೆ.

"ತಾಯಿ, ಇದು ವಿಶ್ವವಿದ್ಯಾಲಯಕ್ಕೆ ಹೋಗುವ ಕಾಗದ" ಎಂದೆ. ನನ್ನ ಧ್ವನಿ ತರಗತಿಯ ಧ್ವನಿಯೇ ಆಗಿತ್ತು.

"ಅದಕ್ಕೇ ಹಚ್ಚಿದ್ದು" ಎಂದರು ಅತ್ತೆ ಸಮಾಧಾನವಾಗಿ. "ಅರಿಶಿನ ಇಲ್ಲದ ಕಾಗದ ಹೋದ್ರೆ, ಯಾರೋ ತೀರ್ಕೊಂಡಾರೆ ಅಂತ ಒಡೆದು ನೋಡ್ದೇನೇ ಸ್ನಾನಕ್ಕೆ ಹೋದಾರು."

೪. ನ್ಯಾಮತಿ: ನುಣ್ಣಗೋ ತರಿಯೋ

ಮತ್ತೆ ಟೈಪು ಮಾಡಿಸಿಕೊಂಡು ನ್ಯಾಮತಿಗೆ ಹೋದೆವು. ಗಿರಣಿ ನಡೆಯುತ್ತಿತ್ತು. ಹುಡುಗಿಯ ತಂದೆ ಹುಬ್ಬಿನ ಮೇಲೂ ಹಿಟ್ಟು ಹೊತ್ತುಕೊಂಡು ನಿಂತಿದ್ದರು. ಡಬ್ಬ, ಚೀಲ ಹಿಡಿದ ಹೆಂಗಸರು ಬಾಗಿಲವರೆಗೂ ಸಾಲುಗಟ್ಟಿದ್ದರು.

"ಇಂಜಿನ್ ನಿಲ್ಸಿದ್ರೆ ಮತ್ತೆ ಹಿಡಿಯಾದು ಕಷ್ಟ ಮೇಷ್ಟ್ರೇ. ಹಂಗೇ ಓದ್ರಿ, ಕೇಳ್ತತೆ" ಎಂದರು.

ನಾನು ಜೀವನದಲ್ಲಿ ಎಂದೂ ಗಂಟಲೆತ್ತಿ ಓದಿದವನಲ್ಲ. ತರಗತಿಯಲ್ಲಿ ನಾನು ಮೆಲ್ಲಗೆ ಮಾತಾಡಿದರೆ ಹುಡುಗರು ಉಸಿರು ಹಿಡಿದು ಕೇಳುತ್ತಿದ್ದರು. ಅವತ್ತು ಬೆಲ್ಟಿನ ಪಟಪಟ, ಇಂಜಿನ್ನಿನ ಡಗಡಗದ ಮೇಲೆ ಒಂದು ಹುಡುಗಿಯ ಬದುಕನ್ನು ಹರಾಜು ಕೂಗುವವನಂತೆ ಕನ್ನಡದಲ್ಲಿ ಕೂಗಿದೆ. ತಂದೆಗೆ ಕೇಳಿಸಿತೋ ಇಲ್ಲವೋ, ಸಾಲಿನಲ್ಲಿದ್ದ ಹೆಂಗಸರಿಗೆಲ್ಲ ಕೇಳಿಸಿತು.

'ನನ್ನ ತಂದೆ ಹಿಟ್ಟಿನ ಗಿರಣಿ ನಡೆಸುತ್ತಾರೆ' ಎಂಬಲ್ಲಿ ತಂದೆ ಕೈ ಎತ್ತಿ ತಡೆದರು.

"ನಡೆಸ್ತಾರೆ ಅಂತ ಬರೀ ಅಷ್ಟೇ ಅಂದ್ರೆ ಹೆಂಗೆ? 'ಹಿಟ್ಟು ಬಲು ನುಣ್ಣಗೆ ಬರ್ತತೆ, ಸುತ್ತಿನ ಹಳ್ಳಿಗೆಲ್ಲ ಹೆಸರುವಾಸಿ' ಅಂತ ಒಂದು ಮಾತು ಹಾಕ್ರಿ. ನಮ್ಮ ಹುಡ್ಗಿ ಏನ್ ಸಾಮಾನ್ಯರ ಮಗಳಲ್ಲ ಅಂತ ತಿಳೀಲಿ."

"ನಿಜವಾಗಿದ್ದರೆ ಹಾಕೋಣ" ಎಂದೆ.

ಅಷ್ಟು ಅಂದದ್ದೇ ತಡ, ಸಾಲಿನಲ್ಲಿ ಮುಂದಿದ್ದ ಹೆಂಗಸು ಡಬ್ಬ ಕೆಳಗಿಟ್ಟಳು. "ನುಣ್ಣಗೆ ಎಲ್ಲಿ ಬರ್ತತ್ರೀ ಸಾಹುಕಾರ್ರೇ? ಹೋದ ವಾರದ ಹಿಟ್ಟಿನಾಗೆ ರೊಟ್ಟಿ ತಟ್ಟಿದ್ರೆ ಅಂಚು ಒಡೀತು."

"ಅದು ನಿನ್ನ ಜೋಳ ಹಂಗಿತ್ತು" ಎಂದರು ತಂದೆ.

"ನನ್ ಜೋಳಾನೂ ಹಂಗಿತ್ತಾ?" ಎಂದಳು ಹಿಂದಿನವಳು. "ನಮ್ಮನೆ ಹಿಟ್ಟೂ ತರಿ ತರಿ ಬಂದಿತ್ತು."

"ಹಬ್ಬದಾಗೆ ಕಡ್ಲೆಹಿಟ್ಟು ಹಾಕ್ಸಿದ್ದೆ. ಅದ್ರಾಗೆ ಮೊದ್ಲು ಬೀಸಿದೋರ ರಾಗಿ ಸೇರಿತ್ತು" ಎಂದು ಬಾಗಿಲಿನಿಂದ ಇನ್ನೊಂದು ದನಿ ಬಂತು.

ತಂದೆ ನನ್ನ ಮುಖ ನೋಡಿದರು. ನಾನು ಪುಟ ಹಿಡಿದು, ಪೆನ್ನು ತೆರೆದು, ಕಾಯುತ್ತಾ ನಿಂತಿದ್ದೆ. ಕರಾರು ಕರಾರೇ. ಮೊದಲಿನ ಹೆಂಗಸು ನನ್ನ ಕಡೆ ತಿರುಗಿ, "ನಿಜ ಆದ್ರೆ ಬರೀತೀನಿ ಅಂದ್ರಲ್ಲ ಮೇಷ್ಟ್ರೇ, ತರಿ ತರಿ ಅಂತ ಬರ್ಕೊಳ್ರಿ. ನಾವು ಬೇಕಾದ್ರೆ ಹೆಬ್ಬೆಟ್ಟು ಒತ್ತುತೀವಿ" ಎಂದಳು.

"ಬ್ಯಾಡ್ರಿ, ಬ್ಯಾಡ್ರಿ" ಎಂದರು ತಂದೆ. "ಗಿರಣಿ ನಡೆಸ್ತಾರೆ ಅಂತ ಅಷ್ಟೇ ಇರ್ಲಿ. ದೂರದ ಊರಿನೋರಿಗೆ ನಮ್ ಹಿಟ್ಟಿನ ಸಮಾಚಾರ ಯಾಕೆ? ನನ್ನ ಕಡೆಯಿಂದ ಹ್ಞೂಂ."

೫. ಜಗಳೂರು: ಇನ್ನೆರಡು ಆಳು

ಉಳಿದದ್ದು ಮಾವ. ಅರ್ಜಿಯ ಕೊನೆಯ ದಿನ ಹತ್ತಿರ ಬಂದಿತ್ತು. ಜಗಳೂರಿನ ಬಸ್ಸಿನಲ್ಲಿ ಹುಡುಗಿ ನನ್ನ ಕಡೆ ತಿರುಗಿ, "ಆ ಭಾಗ ಬಂದಾಗ ಸ್ವಲ್ಪ ಬೇಗ ಬೇಗ ಓದಿಬಿಡ್ರಿ ಸಾರ್" ಎಂದಳು. ವಿರಾಮ ಚಿಹ್ನೆ ಇರುವುದು ನಿಲ್ಲುವುದಕ್ಕೆ ಎಂದೆ.

ಮಾವ ಎತ್ತರದ ಆಳು, ಹೆಗಲ ಮೇಲೆ ಕಂಬಳಿ. ಚಹಾ ಕೊಟ್ಟು, ಕುರಿರೊಪ್ಪದ ಪಕ್ಕದ ಬೇವಿನ ನೆರಳಲ್ಲಿ ಕೂರಿಸಿದರು. ಊರಿನ ನಾಲ್ಕು ಜನ ಹಿರಿಯರೂ ಬಂದು ಕೂತರು. ನಾನು ಓದಿದೆ. ಎಲ್ಲೂ ಅವಸರ ಮಾಡಲಿಲ್ಲ. 'ನೀರು ಬರಲಿಲ್ಲ' ಎಂಬ ಮಾತು ಬಂದಾಗ ಕುರಿಗಳು ಕೂಡ ಸುಮ್ಮನಿದ್ದವು.

ಮಾವ ಹುಡುಗಿಯ ಕಡೆ ತಿರುಗಿ ಕೇಳಿದರು. "ಕಾಯಿ ಎದ್ದು ನಿಂತಿತ್ತು ಅಂತ ಬರ್ದೀಯೇನವ್ವಾ?"

"ಬರ್ದೀನಿ ಮಾವ."

"ಹ್ಞಾಂ. ಅದು ಸರಿ. ನೀರು ಬರ್ಲಿಲ್ಲ ಅನ್ನಾದು ಹೆಂಗೆ ಬರ್ದೆ? ನೀರು ಇತ್ತು. ಇನ್ನೆರಡು ಆಳಿನಷ್ಟು ಆಳಕ್ಕೆ ತೋಡಿದ್ರೆ ಬರಾದು. ಆ ಹೊಲದೋನು ದುಡ್ಡು ಉಳ್ಸಾಕೆ ನಿಲ್ಸಿಬಿಟ್ಟ. 'ನಿಲ್ಸಿದ್ದಕ್ಕೆ ಬರ್ಲಿಲ್ಲ' ಅಂತ ತಿದ್ರಿ ಮೇಷ್ಟ್ರೇ."

"ಕೆಳಗೆ ನೀರಿತ್ತು ಎಂಬುದಕ್ಕೆ ಆಧಾರವಿಲ್ಲದೆ ಬರೆಯಲಾಗುವುದಿಲ್ಲ" ಎಂದೆ.

"ಇರ್ಲಿಲ್ಲ ಅನ್ನಾಕೆ ಏನ್ ಆಧಾರ ಐತೆ?"

ನಿಜ ಹೇಳುವುದಾದರೆ ಅವರ ವಾದ ಸರಿಯಾಗಿತ್ತು. ಹಿರಿಯರು ಇಬ್ಭಾಗವಾದರು. ಇಬ್ಬರು ನೀರಿತ್ತು ಎಂದರು, ಇಬ್ಬರು ಇರಲಿಲ್ಲ ಎಂದರು. ಹಳೆಯ ಬಾವಿಗಳೆಲ್ಲ ಮಾತಿಗೆ ಬಂದವು. ಮಾವನ ಮುಖ ಬಿಗಿಯುತ್ತಾ ಹೋಯಿತು.

ದೊಡ್ಡವರು ಮಾತಾಡುವಾಗ ಹುಡುಗಿ ನಡುವೆ ಬಾಯಿ ಹಾಕಿದಳು. "ಮಾವ, ಅದಕ್ಕೇ ಅಲ್ವಾ ನಾನು ಓದಾಕೆ ಹೋಗ್ತೀನಿ ಅಂತಿರೋದು? ಕೆಳಗೆ ನೀರಿತ್ತೋ ಇಲ್ವೋ ಅಂತ ನೋಡಾಕೆ. ನೀನ್ ಹೇಳಿದ್ದು ಸರಿ ಅಂತ ಆದ್ರೆ ಆ ಹೊಲದೋನ ಮನೆ ಮುಂದೆ ನಿಂತು ನಾನೇ ಹೇಳ್ತೀನಿ."

ಮಾವ ಕಂಬಳಿಯನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡರು. "ಅಷ್ಟು ದೂರ ಹೋದ್ರೆ ಅದು ಗೊತ್ತಾಗ್ತತಾ?"

"ಗೊತ್ತಾಗ್ತತೆ ಮಾವ."

"ಹಂಗಾರೆ ಹೋಗು."

ಅಲ್ಲೇ ಬೇವಿನ ಕೆಳಗೆ ಒಂದು ಸಾಲು ತಿದ್ದಿದೆವು: 'ಇನ್ನೂ ಕೆಳಗೆ ನೀರಿತ್ತು ಎಂದು ಮಾವ ಹೇಳುತ್ತಾರೆ. ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ.' ಕನ್ನಡದಲ್ಲಿ ಕೇಳಿಸಿಕೊಂಡ ಮಾವನಿಗೆ ಮೊದಲರ್ಧ ಹಿಡಿಸಿತು, ಉಳಿದರ್ಧಕ್ಕೆ ಬೇಡವೆಂದು ತಲೆಯಾಡಿಸಿದರು.

"ನಿಮ್ಮಿಷ್ಟ ಮೇಷ್ಟ್ರೇ. ಆದ್ರೆ ನಮ್ ಕಸುಬಿನಾಗೆ, ಗೊತ್ತಿಲ್ಲ ಅಂದೋನಿಗೆ ಒಂದು ಕಾಯಿ ಕೂಡ ಯಾರೂ ಕೊಡಲ್ಲ."

೬. ಬೆಂಚಿನ ಮೇಲೆ ಕೂತ ಸಾಕ್ಷಿ

ಸಂದರ್ಶನಕ್ಕೆ ಬರಬೇಕೆಂದು ಕಾಗದ ಬಂತು. ಹೆಣ್ಣನ್ನು ನೋಡಬೇಕೆಂದವರು ತಾವೇ ಬರುವುದು ಪದ್ಧತಿ, ನಾವು ಕರೆದುಕೊಂಡು ಹೋಗಿ ತೋರಿಸುವುದು ಎಲ್ಲಿಯ ಮರ್ಯಾದೆ ಎಂದು ಮಾವ ಸ್ವಲ್ಪ ಹಟ ಮಾಡಿ, ಕಡೆಗೆ ತಾವೇ ಜೊತೆಗೆ ಹೊರಟರು. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಹುಡುಗಿಯ ತಂದೆ ಕೇಳಿಕೊಂಡರೆಂದು ನಾನೂ ರಜೆ ಹಾಕಿ ದಾವಣಗೆರೆಯಲ್ಲಿ ರೈಲು ಹತ್ತಿದೆ.

ಹುಡುಗಿ ಒಳಗೆ ಹೋದಳು. ನಾವಿಬ್ಬರೂ ಹೊರಗೆ ಬೆಂಚಿನ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಜವಾನ ಬಂದು ಮಾವನನ್ನು ಒಳಗೆ ಕರೆದ.

ಆದದ್ದು ಇಷ್ಟು. ಒಳಗೆ ಮೂವರು ಪ್ರಾಧ್ಯಾಪಕರಿದ್ದರು. ನಡುವೆ ಕೂತಿದ್ದ ಮುಖ್ಯಸ್ಥರಿಗೆ ಪುಟದ ಮೇಲೆ ಅನುಮಾನ ಬಂದಿತ್ತು. ಇಂಥ ಪುಟಗಳಲ್ಲಿ ಹುಡುಗರು ಚೆನ್ನಾಗಿ ಕಥೆ ಕಟ್ಟುತ್ತಾರೆ, ಈ ತೆಂಗಿನಕಾಯಿಯ ಮಾವ ನಿಜವಾಗಿ ಇದ್ದಾರೋ, ಯಾರಾದರೂ ಬರೆದುಕೊಟ್ಟದ್ದೋ ಎಂದು ಕೇಳಿದರಂತೆ. ಹುಡುಗಿ, "ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ ಸಾರ್" ಎಂದಳಂತೆ.

ಮಾವ ಕಂಬಳಿ ಸರಿಮಾಡಿಕೊಂಡು, ತಾವು ತಂದಿದ್ದ ಬಟ್ಟೆಯ ಗಂಟು ಕೈಯಲ್ಲಿ ಹಿಡಿದು ಒಳಗೆ ಹೋಗಿ ಮೂವರಿಗೂ ಕೈ ಮುಗಿದರು. ಭಾಷಾಂತರಕ್ಕೆಂದು ನಾನೂ ಹೋದೆ. ಮಾತು ಶುರುವಾಗುವ ಮೊದಲೇ, ಎರಡೂ ಕಡೆಯವರು ಆಡಿದ್ದನ್ನು ಒಂದು ಅಕ್ಷರ ಕೂಡಿಸದೆ, ಕಳೆಯದೆ ಹೇಳುತ್ತೇನೆಂದು ಮುಖ್ಯಸ್ಥರಿಗೆ ತಿಳಿಸಿದೆ. ಅವರು ಮೆಚ್ಚಿಕೊಂಡರು.

"ನೀವು ತೋರಿಸಿದ ಬಾವಿಗಳಲ್ಲಿ ಎಷ್ಟರಲ್ಲಿ ನೀರು ಬಂದಿದೆ?" ಎಂದು ಕೇಳಿದರು.

"ಪೂರ್ತಿ ತೋಡಿದೋರಿಗೆಲ್ಲ ಬಂದೈತೆ" ಎಂದರು ಮಾವ.

"ಪೂರ್ತಿ ಎಂದರೆ ಎಷ್ಟು ಆಳ?"

"ನೀರು ಬರೋ ತಂಕ."

ಮುಖ್ಯಸ್ಥರು ನಕ್ಕರು. ಅಕ್ಕಪಕ್ಕದವರೂ ನಕ್ಕರು. ಮುಖ್ಯಸ್ಥರು ಸ್ವಲ್ಪ ಮುಂದಕ್ಕೆ ಬಾಗಿ, "ತೆಂಗಿನಕಾಯಿಗೂ ನೀರಿಗೂ ಸಂಬಂಧವಿಲ್ಲ ಎಂದು ನಿಮ್ಮ ಸೋದರಸೊಸೆ ಇಲ್ಲಿ ಕಲಿತು ಬಂದರೆ ಏನು ಮಾಡುತ್ತೀರಿ?" ಎಂದರು.

 ಇದನ್ನೂ ಇದ್ದದ್ದು ಇದ್ದ ಹಾಗೇ ಕನ್ನಡದಲ್ಲಿ ಹೇಳಿದೆ. 

ಮಾವ ಯೋಚಿಸಿ ಹೇಳಿದರು. "ನಮ್ ಹುಡ್ಗಿ ಬಂದು ಹೇಳಿದ್ರೆ ಕೇಳ್ತೀನಿ. ಬ್ಯಾರೇರ್ ಹೇಳಿದ್ರೆ ಕೇಳಲ್ಲ. ಅದಕ್ಕೇ ನಿಮ್ಮತ್ರ ಬಿಡಾಕೆ ಬಂದೀನಿ."

ಭಾಷಾಂತರ ಕೇಳಿ ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು. ಆಯಿತು, ಹೋಗಿಬನ್ನಿ, ತೀರ್ಮಾನ ಆಮೇಲೆ ತಿಳಿಸುತ್ತೇವೆ ಎಂದರು. ಅಲ್ಲಿಗೆ ಎದ್ದು ಬರಬೇಕಿತ್ತು. ಮಾವ ಗಂಟು ಬಿಚ್ಚಿದರು. ಒಳಗೆ ಒಂದು ಕಟ್ಟು ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ. ಎಲ್ಲವನ್ನೂ ಬೊಗಸೆಯಲ್ಲಿ ಎತ್ತಿ ಮುಖ್ಯಸ್ಥರ ಮುಂದೆ ಹಿಡಿದರು. ಊರಿನಿಂದ ಬಂದ ಹಿರಿಯರು ಪ್ರೀತಿಯಿಂದ ಕೊಡುತ್ತಿದ್ದಾರೆ ಎಂದುಕೊಂಡು ಆ ಸಜ್ಜನರು ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಆಯ್ತು. ಎಲೆ ಅಡಿಕೆ ಹಿಡಿದ್ರು. ಮಾತು ಗಟ್ಟಿ ಆಯ್ತು" ಎಂದರು ಮಾವ ನನ್ನ ಕಡೆ ತಿರುಗಿ.

"ಏನೆನ್ನುತ್ತಾರೆ?" ಎಂದರು ಮುಖ್ಯಸ್ಥರು.

ಒಂದು ಅಕ್ಷರ ಕಳೆಯುವುದಿಲ್ಲ ಎಂದು ಮಾತು ಕೊಟ್ಟವನು ನಾನು. ಹೇಳಿದೆ. "ತಾವು ಎಲೆ ಅಡಿಕೆ ತೆಗೆದುಕೊಂಡಿದ್ದರಿಂದ ಮಾತು ಮುಗಿಯಿತು, ಸೀಟು ಹುಡುಗಿಯದಾಯಿತು ಎನ್ನುತ್ತಾರೆ. ಅವರ ಕಡೆ ಸಂಬಂಧ ಗಟ್ಟಿ ಮಾಡುವುದು ಹೀಗೆ."

ಮುಖ್ಯಸ್ಥರು ತಮ್ಮ ಕೈಯನ್ನೇ ನೋಡಿಕೊಂಡರು. ಬಿಸಿ ಪಾತ್ರೆ ಹಿಡಿದವರ ಹಾಗೆ ಎಲೆ ಅಡಿಕೆ ಕಾಯಿಯನ್ನು ಗಡಿಬಿಡಿಯಲ್ಲಿ ಬಲಗಡೆಯ ಪ್ರಾಧ್ಯಾಪಕರ ಕೈಗೆ ದಾಟಿಸಿದರು. ಅವರಿಗೂ ನನ್ನ ಇಂಗ್ಲಿಷ್ ಕೇಳಿಸಿತ್ತು. ಅವರು ಮೇಜಿನ ಹಿಂದಿನಿಂದ ಎಡಗಡೆಯವರ ಕೈಗೆ ದಾಟಿಸಿದರು. ಎಡಗಡೆಯವರಿಗೆ ದಾಟಿಸಲು ಯಾರೂ ಉಳಿದಿರಲಿಲ್ಲ. ಕಾಯಿಯನ್ನು ಎದೆಗವಚಿಕೊಂಡು ನಿಂತರು.

ಮಾವ ಮತ್ತೊಮ್ಮೆ ಕೈ ಮುಗಿದರು. "ಮೂವರೂ ಹಿಡಿದ್ರು. ಇನ್ನು ಯಾವ ಸಾಕ್ಷಿನೂ ಬ್ಯಾಡ. ನಡೀರಿ ಮೇಷ್ಟ್ರೇ."

ಹಿಂದಿರುಗುವ ರೈಲಿನಲ್ಲಿ ನಾನು ಅವರಿಗೆ ವಿಶ್ವವಿದ್ಯಾಲಯದ ಕ್ರಮವನ್ನು ವಿವರಿಸಿದೆ. ಅಂಕ ನೋಡುತ್ತಾರೆ, ಪುಟ ನೋಡುತ್ತಾರೆ, ಸಭೆ ಸೇರಿ ತೀರ್ಮಾನ ಮಾಡುತ್ತಾರೆ, ಎಲೆ ಅಡಿಕೆಗೆ ಅಲ್ಲಿ ಬೆಲೆಯಿಲ್ಲ ಎಂದೆ. ಅವರು ನನ್ನನ್ನು ಸಣ್ಣ ಹುಡುಗನನ್ನು ನೋಡುವಂತೆ ನೋಡಿ, ಕಂಬಳಿ ಹೊದ್ದು ಮಲಗಿದರು. ಹುಡುಗಿಗೆ ಮಾತ್ರ ನಿದ್ದೆ ಬರಲಿಲ್ಲ. ಆ ತಿಂಗಳು ಕಳೆಯುವವರೆಗೂ ಬಂದಿರಲಿಕ್ಕಿಲ್ಲ.

ಕಡೆಗೊಂದು ದಿನ ಅವಳು ಏದುಸಿರು ಬಿಡುತ್ತಾ ಚನ್ನಗಿರಿಗೆ ಬಂದಳು. ಕಾಗದ ಬಂದಿತ್ತು, ಆಯ್ಕೆಯಾಗಿದ್ದಳು. ನಾನು ಎರಡು ಸಲ ಓದಿದೆ. ಒಂದು ತಪ್ಪೂ ಇರಲಿಲ್ಲ. ಅವತ್ತೇ ಇಬ್ಬರೂ ಜಗಳೂರಿನ ದಾರಿ ಹಿಡಿದೆವು. ಮಾವ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದರು. "ವಿಶ್ವವಿದ್ಯಾಲಯದವರು ಹುಡುಗಿಯನ್ನು ಒಪ್ಪಿದ್ದೇವೆ ಎಂದು ಬರೆದಿದ್ದಾರೆ" ಎಂದು ಓದಿ ಹೇಳಿದೆ.

ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ. ಸೊಪ್ಪಿನ ಕಟ್ಟು ಕೆಳಗಿಟ್ಟು ಯೋಚನೆಗೆ ಬಿದ್ದರು.

"ಎಲೆ ಅಡಿಕೆ ಆದ ಮೇಲೆ ಮತ್ತೆ ಒಪ್ಪೀವಿ ಅಂತ ಕಾಗದ ಯಾಕೆ ಬರೀತಾರೆ ಮೇಷ್ಟ್ರೇ? ನಡುವೆ ಯಾರೋ ಏನೋ ಹೇಳಿ ಮನಸ್ಸು ಕೆಡಿಸಾಕೆ ನೋಡ್ಯಾರೆ. ತಡ ಮಾಡಾದು ಬ್ಯಾಡ. ನಡೀರಿ, ಇನ್ನೊಂದ್ಸಲ ಹೋಗಿ ಕೊಟ್ಟು ಬರಾನ."